ಹಿಂದಿನಿಂದ ಎಣಿಸಿದ ಡಾಕ್ಟರ್ ಒಗಿನೊ

ಈ ಅಂಕಣದಲ್ಲಿ ಇಲ್ಲೀತನಕ ನಾವು ಸೇತುವೆ ಕಟ್ಟಿದವರು, ಎಂಜಿನ್ ಮಾಡಿದವರು, ಕೋಡ್ ಬರೆದವರ ಬಗ್ಗೆ ಬರೆದಿದ್ದೇವೆ. ಈ ಸಲದ ವ್ಯಕ್ತಿ ಎಂಜಿನಿಯರ್ ಅಲ್ಲ. ಜಪಾನಿನ ಒಂದು ಬಂದರು ಊರಿನ ಆಸ್ಪತ್ರೆಯಲ್ಲಿ ಜೀವಮಾನವೆಲ್ಲ ಹೆರಿಗೆ, ಆಪರೇಷನ್ ಅಂತಲೇ ಕಳೆದ ಡಾಕ್ಟರು. ಹೆಸರು ಕ್ಯೂಸಾಕು ಒಗಿನೊ. ನಮ್ಮಲ್ಲಿ ಈ ಹೆಸರು ಕೇಳಿದವರು ಕಮ್ಮಿ. ಆದರೆ ಜಪಾನಿನಲ್ಲಿ, ಯುರೋಪಿನ ಕ್ಯಾಥೊಲಿಕ್ ದೇಶಗಳಲ್ಲಿ, ನಮ್ಮ ಅಜ್ಜ-ಅಜ್ಜಿಯರ ಕಾಲದ ದಂಪತಿಗಳಿಗೆ ಇದು ಮನೆಮಾತಾಗಿದ್ದ ಹೆಸರು.

ಇವರನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ನಮ್ಮ ಫೋನುಗಳಲ್ಲೇ ಇದೆ. ಲೇಡೀಸ್ ಹಾಸ್ಟೆಲಿನಲ್ಲಿ ಎಷ್ಟೋ ಜನ ಪೀರಿಯಡ್ಸ್ ಲೆಕ್ಕ ಇಡೋ ಆ್ಯಪ್ ಇಟ್ಟುಕೊಂಡಿದ್ದಾರೆ. ಕಳೆದ ತಿಂಗಳ ತಾರೀಖು ಹಾಕಿದರೆ ಮುಂದಿನದು ಯಾವಾಗ, ಅಂಡಾಣು ಬಿಡುಗಡೆ ಆಗೋದು ಯಾವತ್ತು ಅಂತ ಬಣ್ಣದ ಚುಕ್ಕೆ ಇಟ್ಟು ತೋರಿಸುತ್ತೆ. ಆ ಚುಕ್ಕೆಯ ಹಿಂದಿರೋ ಮೂಲ ಲೆಕ್ಕ 1924ರದ್ದು. ಅದನ್ನು ಕಂಡುಹಿಡಿದವರೇ ಒಗಿನೊ. ಅದೇ ಲೆಕ್ಕವನ್ನು ಜಗತ್ತು ಬಳಸಿಕೊಂಡ ರೀತಿ ಅವರಿಗೆ ಕೊನೆವರೆಗೂ ಒಪ್ಪಿಗೆ ಆಗಲಿಲ್ಲ. ಯಾಕೆ ಒಪ್ಪಲಿಲ್ಲ ಅನ್ನೋದು ಒಳ್ಳೇ ಎಂಜಿನಿಯರಿಂಗ್ ಪ್ರಶ್ನೆ. ಹುಡುಗರು ಇದು ನಮಗಲ್ಲ ಅಂತ ಇಲ್ಲಿಗೇ ನಿಲ್ಲಿಸಬೇಡಿ, ಪೂರ್ತಿ ಓದಿ.

ಒಕ್ಕಲು ಮನೆಯ ಹುಡುಗ

ಒಗಿನೊ ಹುಟ್ಟಿದ್ದು 1882ರ ಮಾರ್ಚ್ 25ರಂದು, ಐಚಿ ಪ್ರಾಂತ್ಯದಲ್ಲಿ, ಈಗ ತೊಯೊಹಾಶಿ ನಗರಕ್ಕೆ ಸೇರಿರೋ ಒಂದು ಹಳ್ಳಿಯಲ್ಲಿ. ಹುಟ್ಟಿದಾಗ ಅವರ ಮನೆಹೆಸರು ನಕಮುರ. ಬೇಸಾಯದ ಮನೆ, ಇವರು ಎರಡನೇ ಮಗ. ಅಂದಿನ ಜಪಾನಿನಲ್ಲಿ ಜಮೀನು, ಮನೆ, ಮನೆತನದ ಹೆಸರು ಎಲ್ಲ ಹಿರಿಮಗನಿಗೆ. ಓದಿನಲ್ಲಿ ಚುರುಕಾಗಿರೋ ಕಿರಿಯರನ್ನು ಗಂಡುಮಕ್ಕಳಿಲ್ಲದ ಮನೆತನಗಳು ದತ್ತು ತಗೊಳ್ಳೋದು ಮಾಮೂಲಿಯಾಗಿತ್ತು. ನಮ್ಮಲ್ಲಿ ಮಗುವನ್ನು ದತ್ತು ತಗೊಂಡರೆ ಅಲ್ಲಿ ಬೆಳೆದ ಹುಡುಗನನ್ನೂ ತಗೊಳ್ಳುತ್ತಿದ್ದರು. ಹೀಗೆ ತರುಣ ಕ್ಯೂಸಾಕು ಒಗಿನೊ ಮನೆತನ ಸೇರಿದರು. ಆ ಮನೆಯ ಆಸರೆಯಲ್ಲಿ ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ 1909ರಲ್ಲಿ ಡಾಕ್ಟರಾದರು.

ಆಗ ಟೋಕಿಯೊದಲ್ಲಿ ಓದಿದವರು ರಾಜಧಾನಿಯಲ್ಲೇ ಉಳಿದು ಪ್ರೊಫೆಸರ್ ಆಗೋದು ಸಹಜವಾದ ದಾರಿ. ಒಗಿನೊ 1912ರಲ್ಲಿ ಗಂಟುಮೂಟೆ ಕಟ್ಟಿಕೊಂಡು ನೀಗಾಟಾಗೆ ಹೋದರು. ಜಪಾನಿನ ಪಶ್ಚಿಮ ಕರಾವಳಿಯ ಊರು, ಸುತ್ತ ಭತ್ತದ ಗದ್ದೆ, ಚಳಿಗಾಲದಲ್ಲಿ ವಿಪರೀತ ಹಿಮ. ಅಲ್ಲಿನ ತಕೆಯಾಮ ಆಸ್ಪತ್ರೆಯಲ್ಲಿ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದ ಮುಖ್ಯಸ್ಥರಾದರು. ಆಮೇಲೆ ಜೀವನಪೂರ್ತಿ ಆ ಊರೇ ಅವರ ಊರಾಯಿತು.

ಅವರ ಮುಂದೆ ಬಂದು ಕೂರುತ್ತಿದ್ದ ಹೆಣ್ಣುಮಕ್ಕಳಲ್ಲಿ ಎರಡು ಥರ. ವರ್ಷ ವರ್ಷವೂ ಹೆತ್ತು ಹೈರಾಣಾದವರು ಒಂದು ಕಡೆ. ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗದವರು ಇನ್ನೊಂದು ಕಡೆ. ಮಕ್ಕಳಾಗದ ಸೊಸೆಯನ್ನು ತವರಿಗೆ ವಾಪಸ್ ಕಳಿಸೋದು ಆ ಕಾಲದ ಜಪಾನಿ ಹಳ್ಳಿಗಳಲ್ಲಿ ಅಪರೂಪವೇನಲ್ಲ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆಯಿಂದ ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಂಜೆ ಅನ್ನೋ ಮಾತು ಯಾರ ಮೇಲೆ ಬೀಳುತ್ತೆ, ಯಾರನ್ನು ಯಾವತ್ತೂ ಮುಟ್ಟಲ್ಲ ಅನ್ನೋದು ನಮ್ಮ ಊರುಗಳಲ್ಲೂ ಗೊತ್ತಿರೋದೇ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಡೆಯ ಕಾರಣವೂ ಇರುತ್ತೆ ಅಂತ ಇವತ್ತಿನ ವೈದ್ಯಶಾಸ್ತ್ರ ಹೇಳಿದರೂ ಬಯ್ಗುಳ ಮಾತ್ರ ಬದಲಾಗಿಲ್ಲ.

ಒಗಿನೊ ಹಿಡಿದ ಪ್ರಶ್ನೆ ನೇರವಾಗಿತ್ತು. ತಿಂಗಳಲ್ಲಿ ಯಾವ ದಿನಗಳಲ್ಲಿ ಗರ್ಭ ನಿಲ್ಲೋಕೆ ಸಾಧ್ಯ? ಅದು ಗೊತ್ತಾದರೆ ಮಕ್ಕಳು ಬೇಕು ಅನ್ನೋರಿಗೆ ಆ ದಿನಗಳನ್ನಾದರೂ ಹೇಳಬಹುದು.

ಆಗ ಗೊತ್ತಿದ್ದದ್ದು

ಈಗ ಹತ್ತನೇ ಕ್ಲಾಸಿನ ಪುಸ್ತಕದಲ್ಲಿರೋ ವಿಷಯ ಆಗ ದೊಡ್ಡ ದೊಡ್ಡ ಪ್ರೊಫೆಸರುಗಳಿಗೂ ಗೊತ್ತಿರಲಿಲ್ಲ. 19ನೇ ಶತಮಾನದಲ್ಲಿ ಮುಟ್ಟು ಮತ್ತು ಅಂಡಾಣು ಬಿಡುಗಡೆ ಎರಡೂ ಒಟ್ಟಿಗೆ ಆಗುತ್ತೆ ಅಂತ ನಂಬಿದ್ದರು. ನಾಯಿ ಬೆದೆಗೆ ಬಂದಾಗ ರಕ್ತ ಕಾಣಿಸುತ್ತೆ, ಆಗಲೇ ಗರ್ಭವೂ ನಿಲ್ಲುತ್ತೆ, ಮನುಷ್ಯರಲ್ಲೂ ಹಾಗೇ ಇರಬೇಕು ಅನ್ನೋ ಊಹೆ. ಇದರ ಮೇಲೆ ಸಲಹೆ ಬೇರೆ ಕೊಡುತ್ತಿದ್ದರು. ಮಕ್ಕಳು ಬೇಡ ಅಂದರೆ ತಿಂಗಳ ನಡುವಿನ ದಿನಗಳು ಸುರಕ್ಷಿತ ಅಂತ. ಅದು ಪೂರ್ತಿ ಉಲ್ಟಾ. ನಡುವಿನ ದಿನಗಳೇ ಗರ್ಭ ನಿಲ್ಲೋ ದಿನಗಳು. ತಪ್ಪು ಮಾಡೆಲ್ ನಂಬಿ ಎಷ್ಟು ಹೆಂಗಸರು ಬೇಡದ ಬಸುರು ಹೊತ್ತರೋ ಲೆಕ್ಕವಿಲ್ಲ.

20ನೇ ಶತಮಾನದ ಮೊದಲ ದಶಕಗಳಲ್ಲಿ ಜರ್ಮನಿಯ ತಜ್ಞರು ಇದನ್ನು ಸರಿಮಾಡೋಕೆ ಹೊರಟರು. ಮುಟ್ಟಾದ ಮೊದಲ ದಿನದಿಂದ ಎಣಿಸಿ ಒಬ್ಬರು 14ರಿಂದ 16ನೇ ದಿನ ಅಂದರು, ಇನ್ನೊಬ್ಬರು 18-19 ಅಂದರು. ಎಲ್ಲರ ಹತ್ತಿರವೂ ಡೇಟಾ ಇತ್ತು, ಯಾರ ಡೇಟಾವೂ ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ. ಲ್ಯಾಬಿನಲ್ಲಿ ನಮ್ಮ ರೀಡಿಂಗ್ ಪಕ್ಕದ ಬ್ಯಾಚಿನವರ ರೀಡಿಂಗಿಗೆ ಹೊಂದದೇ ಇದ್ದಾಗ ಆಗೋ ಸ್ಥಿತಿ. ಆಗ ನಾವು ಮೀಟರ್ ಸರಿಯಿಲ್ಲ ಅಂತೀವಿ. ಎಲ್ಲಿಂದ ಅಳೀತಿದ್ದೀವಿ ಅಂತ ಕೇಳಿಕೊಳ್ಳೋದು ಕಮ್ಮಿ.

ಹೊಟ್ಟೆ ತೆರೆದಾಗ ಕಂಡದ್ದು

ಒಗಿನೊ ಹತ್ತಿರ ರಕ್ತ ಪರೀಕ್ಷೆ ಇರಲಿಲ್ಲ, ಸ್ಕ್ಯಾನಿಂಗ್ ಇರಲಿಲ್ಲ. ಈಸ್ಟ್ರೋಜೆನ್ ಬಳಗದ ಮೊದಲ ಹಾರ್ಮೋನನ್ನು ಬೇರ್ಪಡಿಸಿದ್ದೇ 1929ರಲ್ಲಿ, ಪ್ರೊಜೆಸ್ಟರಾನನ್ನು 1934ರಲ್ಲಿ. ಅವರ ಹತ್ತಿರ ಇದ್ದದ್ದು ಎರಡೇ ಸಾಧನ. ಬೇರೆ ಬೇರೆ ಕಾಯಿಲೆಗೆ ಹೊಟ್ಟೆ ಆಪರೇಷನ್ ಮಾಡುವಾಗ ಅಂಡಾಶಯವನ್ನು ಕಣ್ಣಾರೆ ನೋಡೋ ಅವಕಾಶ ಒಂದು. ಆ ಹೆಂಗಸಿನ ಹಿಂದಿನ ಮುಟ್ಟಿನ ತಾರೀಖುಗಳನ್ನು ಕೇಳಿ ಬರೆದಿಟ್ಟುಕೊಂಡ ಪಟ್ಟಿ ಇನ್ನೊಂದು.

ಅಂಡಾಶಯದಲ್ಲಿ ಏನು ಕಾಣುತ್ತೆ? ಅಂಡಾಣು ಬೆಳೆಯೋದು ನೀರು ತುಂಬಿದ ಒಂದು ಪುಟ್ಟ ಚೀಲದಲ್ಲಿ, ಅದಕ್ಕೆ ಫಾಲಿಕಲ್ ಅಂತಾರೆ. ಅದು ಒಡೆದು ಅಂಡಾಣು ಹೊರಬಿದ್ದ ಮೇಲೆ ಖಾಲಿ ಚೀಲ ಹಳದಿ ಬಣ್ಣದ ಗಂಟಾಗಿ ಮಾರ್ಪಡುತ್ತೆ. ಅದರ ಹೆಸರು ಕಾರ್ಪಸ್ ಲೂಟಿಯಂ, ಅಂದರೆ ಹಳದಿ ಕಾಯ. ಗರ್ಭ ನಿಲ್ಲದಿದ್ದರೆ ಆ ಗಂಟು ಎರಡು ವಾರದಲ್ಲಿ ಸೊರಗಿ ಹೋಗುತ್ತೆ. ಸೊರಗುತ್ತಿದ್ದ ಹಾಗೇ ಗರ್ಭಕೋಶದ ಒಳಪದರ ಕಳಚಿ ಮುಟ್ಟು ಬರುತ್ತೆ. ಆಪರೇಷನ್ ದಿನ ಫಾಲಿಕಲ್ ಇನ್ನೂ ಒಡೆದಿಲ್ಲವೋ, ಈಗಷ್ಟೇ ಒಡೆದಿದೆಯೋ, ಹಳದಿ ಗಂಟು ಎಷ್ಟು ಬಲಿತಿದೆಯೋ ನೋಡಿ, ಅದನ್ನು ಮುಟ್ಟಿನ ತಾರೀಖುಗಳ ಪಕ್ಕ ಇಟ್ಟು ಅವರು ಹೊಂದಿಸುತ್ತಾ ಹೋದರು. ಇದನ್ನು ವರ್ಷಗಟ್ಟಲೆ ಮಾಡಿದರು. ಬೆಳಗಿನಿಂದ ರೋಗಿಗಳು, ಹೆರಿಗೆಗಳು, ಆಪರೇಷನ್‌ಗಳು, ಅದರ ನಡುವೆ ಈ ಲೆಕ್ಕ.

ಹಿಂದಿನ ಮುಟ್ಟಿನಿಂದ ಮುಂದಕ್ಕೆ ಎಣಿಸಿದರೆ ಸಂಖ್ಯೆಗಳು ಚೆಲ್ಲಾಪಿಲ್ಲಿ. ಅದೇ ಡೇಟಾವನ್ನು ಮುಂದೆ ಬರೋ ಮುಟ್ಟಿನಿಂದ ಹಿಂದಕ್ಕೆ ಎಣಿಸಿದಾಗ ಎಲ್ಲ ಒಂದು ಸಣ್ಣ ಪಟ್ಟಿಯೊಳಗೆ ಬಂದು ಕೂತವು. ಅಂಡಾಣು ಬಿಡುಗಡೆ ಆಗೋದು ಮುಂದಿನ ಮುಟ್ಟಿಗೆ 12ರಿಂದ 16 ದಿನ ಮೊದಲು. ಚಕ್ರ 24 ದಿನದ್ದಾಗಲಿ, 35 ದಿನದ್ದಾಗಲಿ. ಒಗಿನೊ ಹೊಸ ಉಪಕರಣ ಏನೂ ತರಲಿಲ್ಲ. ಎಲ್ಲರೂ ನೋಡುತ್ತಿದ್ದ ಡೇಟಾಗೆ ಸೊನ್ನೆಯ ಜಾಗ ಬದಲಾಯಿಸಿದರು.

ಕಟ್ಟೆಮಳಲವಾಡಿಯ ಕಟ್ಟೆ

ಯಾಕೆ ಹೀಗೆ? ನಮ್ಮ ತಂಡದಲ್ಲಿ ಹುಣಸೂರು ತಾಲ್ಲೂಕಿನವರಿದ್ದಾರೆ, ಅವರ ಊರಿನ ಉದಾಹರಣೆಯಲ್ಲೇ ಹೇಳ್ತೀವಿ. ಕಟ್ಟೆಮಳಲವಾಡಿಯಲ್ಲಿ ಲಕ್ಷ್ಮಣತೀರ್ಥ ನದಿಗೆ ಅಡ್ಡಲಾಗಿ ಒಂದು ಅಣೆಕಟ್ಟೆ ಇದೆ. ಗೇಟು ತೆಗೆದು ನೀರು ಬಿಡೋ ದೊಡ್ಡ ಡ್ಯಾಮ್ ಥರದ್ದಲ್ಲ. ನೀರು ಕಟ್ಟೆಯ ಎತ್ತರಕ್ಕೆ ನಿಲ್ಲುತ್ತೆ, ನಾಲೆಗೆ ಹೋಗುತ್ತೆ, ಹೆಚ್ಚಾದರೆ ಕಟ್ಟೆ ಮೇಲಿಂದ ಉಕ್ಕಿ ಕೆಳಗೆ ಹರಿಯುತ್ತೆ.

ಬೇಸಿಗೆ ಮುಗಿದ ಮೇಲೆ ಕಟ್ಟೆ ಯಾವತ್ತು ತುಂಬುತ್ತೆ ಅಂತ ಹೇಳೋಕಾಗುತ್ತಾ? ಕೊಡಗಿನ ಇರ್ಪು ಕಡೆ ಮಳೆ ಬೇಗ ಬಂದರೆ ಬೇಗ ತುಂಬುತ್ತೆ, ತಡವಾದರೆ ತಡ. ಆದರೆ ಒಂದು ಸಲ ಕಟ್ಟೆ ಮೇಲೆ ನೀರು ಹರಿದ ಮೇಲೆ ಕೆಳಗಿನ ಊರಿನ ಸೋಪಾನಕ್ಕೆ ಅದು ತಲುಪೋಕೆ ಹಿಡಿಯೋ ಹೊತ್ತು ಹೆಚ್ಚುಕಮ್ಮಿ ಪ್ರತಿ ಸಲವೂ ಅಷ್ಟೇ. ಈಗ ಯೋಚನೆ ಮಾಡಿ. ಕಟ್ಟೆ ಯಾವಾಗ ಉಕ್ಕಿತು ಅಂತ ಕಂಡುಹಿಡೀಬೇಕು. ಬೇಸಿಗೆ ಮುಗಿದ ದಿನದಿಂದ ಎಣಿಸ್ತೀರೋ, ಕೆಳಗಿನ ಊರಿಗೆ ನೀರು ಬಂದ ಹೊತ್ತಿನಿಂದ ಹಿಂದಕ್ಕೆ ಎಣಿಸ್ತೀರೋ? ಎರಡನೆಯದೇ ಸರಿ ಅಂತ ಯಾರಾದರೂ ಹೇಳ್ತಾರೆ.

ದೇಹದಲ್ಲೂ ಇದೇ. ಚಕ್ರ ಅಂದರೆ ಎರಡು ಭಾಗಗಳ ಮೊತ್ತ. ಮೊದಲ ಭಾಗ ಫಾಲಿಕಲ್ ಬೆಳೆಯೋದು, ಇದಕ್ಕೆ ಹತ್ತು ದಿನವೂ ಆಗಬಹುದು, ಮೂರು ವಾರವೂ ಆಗಬಹುದು. ಜ್ವರ ಬಂದರೆ, ಊಟ ಬಿಟ್ಟರೆ, ಇಂಟರ್ನಲ್ಸ್ ಟೆನ್ಷನ್ ಜಾಸ್ತಿಯಾದರೆ ಏರುಪೇರಾಗೋದು ಮುಖ್ಯವಾಗಿ ಈ ಭಾಗ. ಎರಡನೇ ಭಾಗ ಹಳದಿ ಗಂಟಿನ ಆಯಸ್ಸು. ಅದು ಸುಮಾರು ಎರಡು ವಾರ, ಏರಿಳಿತ ಕಮ್ಮಿ. ಸ್ಟ್ಯಾಟಿಸ್ಟಿಕ್ಸ್ ಭಾಷೆಯಲ್ಲಿ ಹೇಳೋದಾದರೆ ಒಟ್ಟು ವೇರಿಯನ್ಸಿನ ಹೆಚ್ಚಿನ ಪಾಲು ಮೊದಲ ಭಾಗದ್ದು. ಹಾಗಾಗಿ 14ನೇ ದಿನ ಅನ್ನೋ ಪಾಠದ ಸಂಖ್ಯೆ 28 ದಿನದ ಚಕ್ರಕ್ಕೆ ಮಾತ್ರ ಹೊಂದುತ್ತೆ. 35 ದಿನದ ಚಕ್ರದವರಿಗೆ ಅದು 21ರ ಹತ್ತಿರ, 24 ದಿನದವರಿಗೆ 10ರ ಹತ್ತಿರ.

ಇಲ್ಲಿಂದ ಒಗಿನೊ ಒಂದು ಹೆಜ್ಜೆ ಮುಂದೆ ಹೋದರು. ವೀರ್ಯಾಣು ದೇಹದೊಳಗೆ ಮೂರು ದಿನ ಜೀವಂತ ಇರಬಹುದು ಅಂತ ಇಟ್ಟುಕೊಂಡು, ಗರ್ಭ ನಿಲ್ಲೋ ಅವಧಿ ಮುಂದಿನ ಮುಟ್ಟಿಗೆ 19 ದಿನ ಮೊದಲಿನಿಂದ 12 ದಿನ ಮೊದಲಿನವರೆಗೆ ಅಂದರು. ಒಟ್ಟು 8 ದಿನ. ಇದರಿಂದಲೇ ಕ್ಯಾಲೆಂಡರ್ ಸೂತ್ರ ಹುಟ್ಟಿತು. ನಿಮ್ಮ ಅತಿ ಚಿಕ್ಕ ಚಕ್ರದಿಂದ 18 ಕಳೆದರೆ ಮೊದಲ ದಿನ, ಅತಿ ದೊಡ್ಡ ಚಕ್ರದಿಂದ 11 ಕಳೆದರೆ ಕೊನೇ ದಿನ. 19 ಯಾಕೆ 18 ಆಯಿತು ಅಂತ ತಲೆ ಕೆಡಿಸಿಕೊಳ್ಳಬೇಡಿ. 28 ದಿನದ ಚಕ್ರದಲ್ಲಿ ಮುಂದಿನ ಮುಟ್ಟು ಬರೋದು 29ನೇ ದಿನ, ಅದರಿಂದ 19 ಕಳೆದರೆ 10. ಕೋಡ್ ಬರೆಯುವಾಗ ಲೂಪಿನಲ್ಲಿ ಒಂದರಿಂದ ತಪ್ಪೋ ಅದೇ ಲೆಕ್ಕ.

ಆರು ವರ್ಷ ಜಪಾನಿ ಭಾಷೆಯಲ್ಲೇ

ಈ ಫಲಿತಾಂಶ 1924ರಲ್ಲಿ ಜಪಾನಿನ ಸ್ತ್ರೀರೋಗ ತಜ್ಞರ ಪತ್ರಿಕೆಯಲ್ಲಿ ಜಪಾನಿ ಭಾಷೆಯಲ್ಲಿ ಅಚ್ಚಾಯಿತು. ಹಳದಿ ಗಂಟಿನ ಮೇಲಿನ ಸಂಶೋಧನೆಗೆ ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಕೂಡ ಬಂತು. ಜಪಾನಿನ ವೈದ್ಯರಿಗೆ ಗೊತ್ತಾಯಿತು, ಹೊರಗಿನವರಿಗೆ ಗೊತ್ತಾಗಲಿಲ್ಲ. ಆಗ ವೈದ್ಯಕೀಯದ ಜಗದ್ಭಾಷೆ ಜರ್ಮನ್.

ಅಷ್ಟರಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ ಹರ್ಮನ್ ಕ್ನಾಸ್ ಅನ್ನೋ ಇನ್ನೊಬ್ಬ ಡಾಕ್ಟರು ಬೇರೆ ದಾರಿಯಿಂದ ಅಲ್ಲಿಗೇ ಬಂದರು. ಹಳದಿ ಗಂಟು ಕೆಲಸ ಮಾಡೋ ದಿನಗಳಲ್ಲಿ ಗರ್ಭಕೋಶದ ಸ್ನಾಯು ಪಿಟ್ಯುಟರಿ ರಸದ ಇಂಜೆಕ್ಷನ್ನಿಗೆ ಸ್ಪಂದಿಸಲ್ಲ ಅಂತ ಅವರು ಮೊದಲು ಮೊಲಗಳಲ್ಲಿ, ಆಮೇಲೆ ಹೆಂಗಸರಲ್ಲಿ ತೋರಿಸಿದರು. ಸ್ನಾಯು ಯಾವ ದಿನದಿಂದ ಸುಮ್ಮನಾಯಿತು ಅಂತ ನೋಡಿದರೆ ಅಂಡಾಣು ಬಿಡುಗಡೆಯ ದಿನ ಸಿಗುತ್ತೆ. ಕ್ನಾಸ್ ಅವರ ಉತ್ತರ, ಮುಂದಿನ ಮುಟ್ಟಿಗೆ 15 ದಿನ ಮೊದಲು. ಒಗಿನೊ 5 ದಿನಗಳ ಪಟ್ಟಿ ಕೊಟ್ಟಿದ್ದರು, ಕ್ನಾಸ್ ಒಂದೇ ದಿನ ಅಂತ ಹಟ ಹಿಡಿದರು. ಒಂದೇ ಸಂಖ್ಯೆ ಕೇಳೋಕೆ ಚೆಂದ. ಆದರೆ ದೇಹಕ್ಕೆ ಹತ್ತಿರವಾಗಿದ್ದದ್ದು ಒಗಿನೊ ಪಟ್ಟಿಯೇ.

1929ರಲ್ಲಿ ಒಗಿನೊ ಜರ್ಮನಿಗೆ ಹೋದರು. 1930ರಲ್ಲಿ ಅಲ್ಲಿನ ಪತ್ರಿಕೆಯಲ್ಲಿ ಅವರ ಲೇಖನ ಜರ್ಮನ್ ಭಾಷೆಯಲ್ಲಿ ಬಂತು. ಆಮೇಲೆ ಜಗತ್ತು ಎರಡೂ ಹೆಸರು ಸೇರಿಸಿ ಒಗಿನೊ-ಕ್ನಾಸ್ ಅಂತ ಕರೆಯಿತು. ತಾಯ್ನುಡಿಯಲ್ಲಿ ಬರೆದದ್ದಕ್ಕೆ ಅವರಿಗೆ ಆರು ವರ್ಷ ನಷ್ಟವಾಯಿತಾ? ಕನ್ನಡ ಸಂಘದವರಾದ ನಾವು ಈ ಪ್ರಶ್ನೆ ದಾಟಿ ಹೋಗೋ ಹಾಗಿಲ್ಲ. ನಮ್ಮಲ್ಲೇ ಎರಡು ಅಭಿಪ್ರಾಯ ಇದೆ. ನಷ್ಟ ಆಯಿತು ಅನ್ನೋದು ನಿಜ. ಆದರೆ ಅವರ ರೋಗಿಗಳಿಗೆ ಚಿಕಿತ್ಸೆ ಕೊಡೋ ಜಪಾನಿನ ಸಾಮಾನ್ಯ ಡಾಕ್ಟರಿಗೆ ಈ ವಿಷಯ ಯುರೋಪಿಗಿಂತ ಮೊದಲೇ, ಅವರದೇ ಭಾಷೆಯಲ್ಲಿ ಸಿಕ್ಕಿತ್ತು ಅನ್ನೋದೂ ನಿಜ. ಒಗಿನೊ ಕೊನೆಗೆ ಎರಡನ್ನೂ ಮಾಡಿದರು.

ಸೂತ್ರ ಕೈತಪ್ಪಿದ್ದು

ಜರ್ಮನ್ ಲೇಖನ ಬಂದ ಮೇಲೆ ಒಗಿನೊ ಅಂದುಕೊಳ್ಳದೇ ಇದ್ದದ್ದು ಆಯಿತು. ಮಕ್ಕಳು ಬೇಕು ಅನ್ನೋರಿಗಾಗಿ ಕಂಡುಹಿಡಿದ ದಿನಗಳನ್ನು ಮಕ್ಕಳು ಬೇಡ ಅನ್ನೋರು ತಿರುಗಿಸಿ ಹಾಕಿಕೊಂಡರು. ನೆದರ್‌ಲ್ಯಾಂಡ್ಸಿನ ಕ್ಯಾಥೊಲಿಕ್ ಡಾಕ್ಟರೊಬ್ಬರು, ಯಾನ್ ಸ್ಮುಲ್ಡರ್ಸ್, ಅದೇ 1930ರಲ್ಲಿ ಇದನ್ನು ಗರ್ಭ ತಡೆಯೋ ಕ್ರಮವಾಗಿ ಪ್ರಚಾರ ಮಾಡಿದರು. 1932ರಲ್ಲಿ ಶಿಕಾಗೊದ ಲಿಯೊ ಲಾಟ್ಸ್ ಇದರ ಮೇಲೆ ಪುಸ್ತಕ ತಂದರು. ಬೇರೆ ಸಾಧನಗಳನ್ನು ಪಾಪ ಅನ್ನುತ್ತಿದ್ದ ಚರ್ಚ್ ಇದನ್ನು ಮಾತ್ರ ಸಹಿಸಿಕೊಂಡಿತು. 1951ರಲ್ಲಿ ಪೋಪ್ 12ನೇ ಪಯಸ್ ಬಹಿರಂಗವಾಗಿಯೇ ಒಪ್ಪಿಗೆ ಕೊಟ್ಟರು. ಲಕ್ಷಾಂತರ ಮನೆಗಳ ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಬಿತ್ತು. ಲೆಕ್ಕ ತಪ್ಪಿ ಹುಟ್ಟಿದ ಮಕ್ಕಳಿಗೆ ಫ್ರಾನ್ಸಿನಲ್ಲಿ ಒಗಿನೊ ಮಗು ಅಂತಲೇ ಹೆಸರಾಯಿತು. ಒಬ್ಬ ವಿಜ್ಞಾನಿಗೆ ಇದಕ್ಕಿಂತ ಕಸಿವಿಸಿಯ ಕೀರ್ತಿ ಇನ್ನೇನಿದೆ?

ಒಗಿನೊ ಇದನ್ನು ವಿರೋಧಿಸಿದರು. ಗರ್ಭ ತಡೆಯೋಕೆ ಇದಕ್ಕಿಂತ ಒಳ್ಳೆ ಸಾಧನಗಳಿವೆ, ಇದನ್ನೇ ನಂಬಿದರೆ ಬೇಡದ ಬಸುರು, ಅದರ ಹಿಂದೆಯೇ ಗರ್ಭಪಾತ ಹೆಚ್ಚುತ್ತೆ ಅನ್ನೋದು ಅವರ ನಿಲುವು. ಸೂತ್ರ ಒಂದೇ, ಒಂದು ಕಡೆ ಒಳ್ಳೇದು, ಇನ್ನೊಂದು ಕಡೆ ಕೆಟ್ಟದ್ದು ಹೇಗೆ?

ಮೊದಲನೇದು, ಇದು ಭವಿಷ್ಯ ಕೇಳೋ ಸೂತ್ರ. ಸಿಗ್ನಲ್ಸ್ ಕ್ಲಾಸಿನಲ್ಲಿ ನಾನ್-ಕಾಸಲ್ ಸಿಸ್ಟಮ್ ಅಂತ ಓದಿದ್ದೀವಲ್ಲ, ಈಗಿನ ಔಟ್‌ಪುಟ್ಟಿಗೆ ಮುಂದಿನ ಇನ್‌ಪುಟ್ ಬೇಕಾಗೋದು, ಅದೇ ಇದು. ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು, ಆದರೆ ಮುಂದಿನ ಮುಟ್ಟು ಇನ್ನೂ ಬಂದಿಲ್ಲ. ಹಳೇ ದಾಖಲೆಯ ಮೇಲೆ ಇದು ಚೆನ್ನಾಗಿ ಕೆಲಸ ಮಾಡುತ್ತೆ. ಈ ತಿಂಗಳಿಗೆ ಬೇಕು ಅಂದರೆ ಹಿಂದಿನ ತಿಂಗಳುಗಳನ್ನು ನೋಡಿ ಊಹಿಸಬೇಕು. ಊಹಿಸಬೇಕಾದ್ದು ಅದೇ ಏರುಪೇರಿನ ಮೊದಲ ಭಾಗವನ್ನು. ಬಾಗಿಲಲ್ಲಿ ಹೊರಗೆ ಹಾಕಿದ ಅನಿಶ್ಚಿತತೆ ಕಿಟಕಿಯಿಂದ ಒಳಗೆ ಬಂದು ಕೂರುತ್ತೆ.

ಎರಡನೇದು, ತಪ್ಪಿನ ಬೆಲೆ. ಮಗು ಬೇಕು ಅನ್ನೋರಿಗೆ ಕೆಲವು ದಿನಗಳಲ್ಲಿ ಒಂದು ದಿನ ಸರಿಯಾದರೂ ಸಾಕು. ಅದು ಆರ್ ಗೇಟ್. ತಪ್ಪಿದರೆ ಇನ್ನೊಂದು ತಿಂಗಳು ಕಾಯೋದು, ಅಷ್ಟೇ. ಮಗು ಬೇಡ ಅನ್ನೋರಿಗೆ ಪ್ರತಿ ತಿಂಗಳೂ ಪ್ರತಿ ದಿನವೂ ಸರಿಯಾಗಿರಬೇಕು. ಅದು ಆ್ಯಂಡ್ ಗೇಟ್. ವರ್ಷಗಟ್ಟಲೆ ಸರಿಯಾಗಿದ್ದು ಒಂದೇ ಸಲ ತಪ್ಪಿದರೂ ಬಸುರು. ಆ ಬೆಲೆ ಕಟ್ಟೋಳು ಒಬ್ಬಳೇ. ನೀಗಾಟಾದ ಹೆರಿಗೆ ವಾರ್ಡಿನಲ್ಲಿ ಆ ಬೆಲೆ ಎಷ್ಟು ಅಂತ ಒಗಿನೊ ದಿನಾ ನೋಡುತ್ತಿದ್ದರು.

ರಾಮನಗರದ ಮಣಿಸರ

ಈ ಕಥೆಗೆ ನಮ್ಮ ನಾಡಿನ ಅಧ್ಯಾಯವೂ ಇದೆ. ಒಗಿನೊ ಜರ್ಮನ್ ಲೇಖನ ಬಂದ 1930ರಲ್ಲೇ ಮೈಸೂರು ಸಂಸ್ಥಾನ ತನ್ನ ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯೋಕೆ ಆದೇಶ ಹೊರಡಿಸಿತು. ಒಂದು ಸರಕಾರವೇ ಮುಂದೆ ನಿಂತು ಇಂಥ ಕ್ಲಿನಿಕ್ ತೆರೆದದ್ದು ಜಗತ್ತಿನಲ್ಲೇ ಮೊದಲು ಅಂತ ಹೇಳಲಾಗುತ್ತೆ.

ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರದ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್. ಗಾಂಧೀವಾದಿಯಾದ ಅವರಿಗೆ ಔಷಧ, ಸಾಧನಗಳಿಗಿಂತ ಸಂಯಮದ ದಾರಿಯೇ ಹಿಡಿಸಿತ್ತು. ಅವರ ಕೋರಿಕೆ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಅಮೆರಿಕದ ಡಾಕ್ಟರ್ ಅಬ್ರಹಾಂ ಸ್ಟೋನ್ ಅವರನ್ನು ಕಳಿಸಿತು. ಒಗಿನೊ ಲೆಕ್ಕವನ್ನು ಭಾರತದಲ್ಲಿ ಪರೀಕ್ಷಿಸಲು 1952ರ ಹೊತ್ತಿಗೆ ಎರಡು ಜಾಗ ಆರಿಸಿದರು. ಒಂದು ದಿಲ್ಲಿಯ ಲೋಧಿ ಕಾಲೊನಿ, ಇನ್ನೊಂದು ನಮ್ಮ ರಾಮನಗರ. ಬೆಂಗಳೂರು-ಮೈಸೂರು ಬಸ್ಸಿನಲ್ಲಿ ನಾವು ಬಂಡೆ ನೋಡಿಕೊಂಡು ದಾಟಿ ಹೋಗೋ ಅದೇ ರಾಮನಗರ.

ಓದು ಬರಹ ಇಲ್ಲದ ಹೆಂಗಸರಿಗೆ ಕಳೆಯೋ ಲೆಕ್ಕ ಹೇಗೆ ಕಲಿಸೋದು? ಬಣ್ಣದ ಮಣಿಗಳ ಸರ ಕೊಟ್ಟರು. ದಿನಕ್ಕೊಂದು ಮಣಿ ಜರುಗಿಸಬೇಕು, ಹಸಿರು ಬಂದರೆ ಸೇರಬಹುದು, ಕೆಂಪು ಬಂದರೆ ದೂರ ಇರಬೇಕು. ಯೂಸರ್ ಇಂಟರ್‌ಫೇಸ್ ಅಂತ ನಾವು ಇವತ್ತು ಹೇಳೋದು ಅದನ್ನೇ. ಕಾಗದದ ಮೇಲೆ ಬುದ್ಧಿವಂತಿಕೆಯ ವಿನ್ಯಾಸ. ಆದರೆ ಕೆಲವರು ಜರುಗಿಸೋದು ಮರೆತರು, ಕೆಲವರು ತಪ್ಪು ದಿಕ್ಕಿಗೆ ಜರುಗಿಸಿದರು, ರಾತ್ರಿ ಕತ್ತಲಲ್ಲಿ ಬಣ್ಣ ಕಾಣಲಿಲ್ಲ, ಸರ ಹಾಕಿಕೊಂಡರೇ ಗರ್ಭ ನಿಲ್ಲಲ್ಲ ಅಂತ ತಾಯತದ ಹಾಗೆ ನಂಬಿದವರೂ ಇದ್ದರು ಅಂತ ಆಗಿನ ಅನುಭವಗಳು ಹೇಳುತ್ತವೆ. ಕಲಿಯೋಕೆ ಆಸಕ್ತಿ ತೋರಿಸಿದವರು ಬಹಳ, ಕೊನೆವರೆಗೆ ಪಾಲಿಸಿದವರು ಕಮ್ಮಿ. ಪ್ರಯೋಗ ಗೆಲ್ಲಲಿಲ್ಲ.

ಈ ಕಥೆ ಹೇಳುವಾಗ ಆ ಹೆಂಗಸರನ್ನು ನೋಡಿ ನಗೋದು ಸುಲಭ. ನಮಗೆ ಹಾಗನ್ನಿಸಲಿಲ್ಲ. ಕೆಂಪು ಮಣಿ ಬಂದ ರಾತ್ರಿ ಬೇಡ ಅನ್ನೋ ಅಧಿಕಾರ ಮಣಿಸರದ ಜೊತೆ ಅವರಿಗೆ ಸಿಕ್ಕಿರಲಿಲ್ಲ. ಸಿಸ್ಟಮ್ಮಿನಲ್ಲಿ ಗಂಡ ಅನ್ನೋ ಒಂದು ಘಟಕ ಇದೆ ಅನ್ನೋದನ್ನು ವಿನ್ಯಾಸ ಲೆಕ್ಕಕ್ಕೇ ತಗೊಂಡಿರಲಿಲ್ಲ. ಜೊತೆಗೆ ಅವರವರ ಚಕ್ರ ಪ್ರತಿ ತಿಂಗಳೂ ಮಣಿಗಳ ಎಣಿಕೆಗೆ ಸರಿಯಾಗಿ ಬರಲೇಬೇಕು ಅಂತ ಯಾವ ನಿಯಮವೂ ಇಲ್ಲ.

ಸಮೀಕರಣಗಳು ಬಂದ ಮೇಲೆ

ಒಗಿನೊ ಬದುಕಿದ್ದಾಗಲೇ ಚಿತ್ರ ಬದಲಾಗತೊಡಗಿತು. 1950ರ ದಶಕದ ಕೊನೆಗೆ ರೊಸಾಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ ರಕ್ತದಲ್ಲಿನ ಅತಿ ಸಣ್ಣ ಪ್ರಮಾಣದ ಹಾರ್ಮೋನನ್ನು ಅಳೆಯೋ ರೇಡಿಯೊಇಮ್ಯುನೊಅಸ್ಸೇ ವಿಧಾನ ತಂದರು. ಅಲ್ಲಿಂದ ದಿನದಿನದ ಗ್ರಾಫ್ ಎಳೆಯೋಕೆ ಸಾಧ್ಯವಾಯಿತು.

ಗ್ರಾಫಿನಲ್ಲಿ ಕಂಡದ್ದು ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಹಬ್ಬ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಕಳಿಸುತ್ತೆ. ಅವು ಫಾಲಿಕಲ್ ಬೆಳೆಸುತ್ತವೆ. ಬೆಳೆದ ಫಾಲಿಕಲ್ ಈಸ್ಟ್ರೋಜೆನ್ ಸುರಿಸುತ್ತೆ. ಈಸ್ಟ್ರೋಜೆನ್ ಕಮ್ಮಿ ಇರೋವರೆಗೆ ಪಿಟ್ಯುಟರಿಯನ್ನು ತಗ್ಗಿಸುತ್ತೆ, ಇದು ನೆಗೆಟಿವ್ ಫೀಡ್‌ಬ್ಯಾಕ್. ಆದರೆ ಅದು ಒಂದು ಮಟ್ಟ ದಾಟಿ ಸುಮಾರು ಎರಡು ದಿನ ಅಲ್ಲೇ ನಿಂತರೆ ಚಿಹ್ನೆಯೇ ಬದಲಾಗುತ್ತೆ. ತಗ್ಗಿಸುತ್ತಿದ್ದದ್ದು ಈಗ ಎಬ್ಬಿಸುತ್ತೆ. ಎಲ್‌ಎಚ್ ಒಮ್ಮೆಲೇ ಉಕ್ಕುತ್ತೆ, ಸುಮಾರು ಒಂದೂವರೆ ದಿನದಲ್ಲಿ ಫಾಲಿಕಲ್ ಒಡೆಯುತ್ತೆ. ಕಟ್ಟೆಮಳಲವಾಡಿಯ ಕಟ್ಟೆಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಕಟ್ಟೆ ಮೇಲೆ ಹರಿಯೋದು ಬಂದಷ್ಟೇ ನೀರು. ಇಲ್ಲಿ ಉಕ್ಕು ತನ್ನಷ್ಟಕ್ಕೆ ದೊಡ್ಡದಾಗುತ್ತೆ. ಆಮೇಲೆ ಹಳದಿ ಗಂಟು ಪ್ರೊಜೆಸ್ಟರಾನ್ ಸುರಿಸಿ ಎಲ್ಲವನ್ನೂ ಶಾಂತ ಮಾಡುತ್ತೆ. ಅದು ಸೊರಗಿದರೆ ಮುಟ್ಟು. ಮದುವೆಗೋ ಪೂಜೆಗೋ ಅಂತ ಮುಟ್ಟು ಮುಂದಕ್ಕೆ ಹಾಕೋ ಮಾತ್ರೆ ಮಾಡೋದೂ ಇದೇ, ಪ್ರೊಜೆಸ್ಟರಾನ್ ಥರದ ವಸ್ತು ಕೊಟ್ಟು ಒಳಪದರವನ್ನು ಹಿಡಿದು ನಿಲ್ಲಿಸುತ್ತೆ. ಬಿಟ್ಟ ಎರಡು-ಮೂರು ದಿ‌ನಕ್ಕೆ ಮುಟ್ಟು ಬರುತ್ತೆ. ಡಾಕ್ಟರನ್ನು ಕೇಳದೆ ಮೆಡಿಕಲ್ ಶಾಪಿನಿಂದ ತಗೊಳ್ಳೋ ಮಾತ್ರೆ ಅದಲ್ಲ.

1970ರ ದಶಕದಲ್ಲಿ ಅರ್ನ್‌ಸ್ಟ್ ನೋಬಿಲ್ ಕೋತಿಗಳಲ್ಲಿ ಇನ್ನೊಂದು ಸೋಜಿಗ ತೋರಿಸಿದರು. ಮಿದುಳಿನಿಂದ ಪಿಟ್ಯುಟರಿಗೆ ಬರೋ ಸಂಕೇತ ಗಂಟೆಗೊಂದು ಪಲ್ಸ್ ಆಗಿ ಬಂದರೆ ಮಾತ್ರ ಕೆಲಸ ನಡೆಯುತ್ತೆ. ಅದೇ ವಸ್ತುವನ್ನು ನಿರಂತರವಾಗಿ ಕೊಟ್ಟರೆ ವ್ಯವಸ್ಥೆ ನಿಂತೇ ಹೋಗುತ್ತೆ.

ಇದನ್ನೆಲ್ಲ ಡಿಫರೆನ್ಷಿಯಲ್ ಈಕ್ವೇಷನ್‌ಗಳಲ್ಲಿ ಬರೆಯೋ ಕೆಲಸ ಹಲವು ಕಡೆ ನಡೆದಿದೆ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಜೇಮ್ಸ್ ಸೆಲ್‌ಗ್ರೇಡ್ ಮತ್ತು ಜೊತೆಗಾರರು 2003ರಲ್ಲಿ 13 ಸಮೀಕರಣಗಳ ಮಾಡೆಲ್ ಪ್ರಕಟಿಸಿದರು. ಹಾರ್ಮೋನು ಪರಿಣಾಮ ಬೀರೋಕೆ ಹಿಡಿಯೋ ತಡವನ್ನೂ ಅದರಲ್ಲಿ ಸೇರಿಸಿದ್ದರು. ಅದೇ ಸಮೀಕರಣಗಳಿಗೆ ಎರಡು ಸ್ಥಿರ ಚಕ್ರಗಳು ಸಿಕ್ಕವು. ಒಂದರಲ್ಲಿ ಎಲ್‌ಎಚ್ ಉಕ್ಕುತ್ತೆ, ಅಂಡಾಣು ಬಿಡುಗಡೆ ಆಗುತ್ತೆ. ಇನ್ನೊಂದರಲ್ಲಿ ಉಕ್ಕೋದೇ ಇಲ್ಲ, ಪಿಸಿಒಎಸ್ ಇರೋರಲ್ಲಿ ಕಾಣೋ ಹಾಗೆ. ಎರಡೂ ಸ್ಥಿರ ಅನ್ನೋದು ಗಮನಿಸಬೇಕಾದ ಮಾತು. ಪಿಸಿಒಎಸ್ ಇರೋ ಗೆಳತಿಗೆ ಸುಮ್ಮನೆ ಟೆನ್ಷನ್ ಬಿಡು, ತಾನೇ ಸರಿಹೋಗುತ್ತೆ ಅಂತ ಹೇಳೋ ಮೊದಲು ಇದನ್ನು ನೆನಪು ಮಾಡಿಕೊಳ್ಳಿ. ಒಂದು ಸ್ಥಿರ ಸ್ಥಿತಿಯಿಂದ ಇನ್ನೊಂದಕ್ಕೆ ದಾಟೋಕೆ ಹೊರಗಿನಿಂದ ಒಂದು ನೂಕು ಬೇಕಾಗಬಹುದು. ಆ ನೂಕು ಯಾವುದು ಅಂತ ಹೇಳಬೇಕಾದವರು ಡಾಕ್ಟರು.

ಆ್ಯಪಿನ ಚುಕ್ಕೆಯ ಬಗ್ಗೆಯೂ ಒಂದು ಮಾತು. 2000ರಲ್ಲಿ ಅಮೆರಿಕದ ಅಲೆನ್ ವಿಲ್ಕಾಕ್ಸ್ ತಂಡ 221 ಹೆಂಗಸರ 696 ಚಕ್ರಗಳನ್ನು ನೋಡಿ ವರದಿ ಮಾಡಿತು. ಗರ್ಭ ನಿಲ್ಲೋ ದಿನಗಳೆಲ್ಲ 10ರಿಂದ 17ನೇ ದಿನದೊಳಗೇ ಬಂದದ್ದು ಸುಮಾರು ಶೇ. 30 ಹೆಂಗಸರಲ್ಲಿ ಮಾತ್ರ. ಉಳಿದವರಲ್ಲಿ ಸ್ವಲ್ಪವೋ ಪೂರ್ತಿಯೋ ಆಚೆಗೆ. ಹೀಗಾಗಿ ತಾರೀಖು ಮಾತ್ರ ನೋಡಿ ಆ್ಯಪ್ ತೋರಿಸೋ ಬಣ್ಣ ರಾಮನಗರದ ಮಣಿಯ ಬಣ್ಣಕ್ಕಿಂತ ಹೆಚ್ಚು ಖಚಿತ ಅಂತ ನಂಬಬೇಡಿ. ಪರೀಕ್ಷೆ ವಾರದಲ್ಲಿ ಮುಟ್ಟು ಯಾವಾಗ ಬರಬಹುದು ಅಂತ ಅಂದಾಜು ಮಾಡೋಕೆ ಪರವಾಗಿಲ್ಲ. ಜೀವನದ ನಿರ್ಧಾರ ಅದರ ಮೇಲೆ ಬೇಡ.

ನೀಗಾಟಾದಲ್ಲೇ

ಒಗಿನೊ ಕೊನೆವರೆಗೂ ನೀಗಾಟಾ ಬಿಡಲಿಲ್ಲ. ಗರ್ಭಕೊರಳಿನ ಕ್ಯಾನ್ಸರ್ ಆಪರೇಷನ್ನನ್ನು ಸುಧಾರಿಸಿ ಅದರಲ್ಲೂ ಹೆಸರು ಮಾಡಿದರು. ಆ ಊರಿನ ಹೆಂಗಸರಿಗೆ ಅವರು ಸೂತ್ರದ ಒಗಿನೊ ಅನ್ನೋದಕ್ಕಿಂತ ಹೆಚ್ಚಾಗಿ ತಮ್ಮ ಆಸ್ಪತ್ರೆಯ ಡಾಕ್ಟರು. 1975ರ ಜನವರಿ 1ರಂದು, 92ನೇ ವಯಸ್ಸಿನಲ್ಲಿ ತೀರಿಕೊಂಡರು. ನೀಗಾಟಾದಲ್ಲಿ ಅವರ ಹೆಸರಿನ ರಸ್ತೆ ಇದೆ, ಮನೆ ಇದ್ದ ಜಾಗದಲ್ಲಿ ಒಂದು ಪುಟ್ಟ ಪಾರ್ಕ್ ಇದೆ.

ಈ ಲೇಖನ ಬರೆಯೋಕೆ ಕೂತಾಗ ನಮ್ಮ ತಂಡದ ಹುಡುಗರು ಮೊದಮೊದಲು ಮುಟ್ಟು ಅನ್ನೋ ಪದವನ್ನೇ ತಪ್ಪಿಸಿ ಮಾತಾಡುತ್ತಿದ್ದರು. ಹುಡುಗಿಯರೂ ಡೇಟ್ ಅಂತಲೇ ಹೇಳುತ್ತಿದ್ದರು. ಗ್ರಾಫ್ ಎಳೆದು, 18 ಕಳೆದು, 11 ಕಳೆದು, ಕಟ್ಟೆಯ ಉದಾಹರಣೆ ಸರಿಯೋ ತಪ್ಪೋ ಅಂತ ಜಗಳ ಆಡೋ ಹೊತ್ತಿಗೆ ಯಾರಿಗೂ ಆ ಸಂಕೋಚ ನೆನಪಿರಲಿಲ್ಲ. ಕ್ಯಾಲ್ಕುಲಸ್ ಬಂದರೆ ಸಾಕು, ನೀವೂ ಎರಡು ಸಮೀಕರಣಗಳ ಒಂದು ಸಣ್ಣ ಮಾಡೆಲ್ ಮಾಡಿ ನೋಡಬಹುದು. ಮಾಡಿದವರು ನಮಗೆ ಕಳಿಸಿ, ಕನ್ನಡದಲ್ಲೇ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ.